ಸಿನಿಮಾದಲ್ಲಿ ಕಂಡ ಊರಿಗೆ ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರೀಕರಣ ನಡೆದ ಜಾಗಗಳನ್ನು ಹುಡುಕಿಕೊಂಡು ಹೋಗುವ ಹುಚ್ಚು ನನಗಿದೆ ಅಂತ ಗೊತ್ತಾದವರೆಲ್ಲ ಏನಾದರೂ ಒಂದು ಕೇಳಿಯೇ ಕೇಳುತ್ತಾರೆ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದವರಿದ್ದಾರೆ, ಉದ್ದುದ್ದ ಪತ್ರ ಬರೆದವರಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕರ್ನಾಟಕದ ಜಾಗಗಳೇ ಜಾಸ್ತಿ, ಯಾಕೆಂದರೆ ನನಗೆ ಗೊತ್ತಿರುವುದು ಇವೇ. ಸುಲಭದ ಪ್ರಶ್ನೆಗಳು ಮೊದಲು, ತಲೆಕೆಡಿಸುವಂಥವು ಕೊನೆಗೆ.

## ಮೊದಲ ಸಲ ಹೊರಡುವವರಿಗೆ

ಸಿನಿಮಾದಲ್ಲಿ ನೋಡಿದ ಜಾಗ ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ?

ಮೊದಲು ಸಿನಿಮಾದ ಟೈಟಲ್ ಕಾರ್ಡನ್ನೇ ನೋಡಿ. ನಾವೆಲ್ಲ ಓಡಿಸಿಬಿಡುವ ಭಾಗ ಅದು. ಹಳೆಯ ಕನ್ನಡ ಚಿತ್ರಗಳಲ್ಲಿ 'ಕೃತಜ್ಞತೆಗಳು' ಅಂತ ಒಂದು ಪಟ್ಟಿ ಬರುತ್ತದೆ. ಇಂಥ ಊರಿನ ಗ್ರಾಮಸ್ಥರು, ಇಂಥ ಎಸ್ಟೇಟಿನ ಮಾಲೀಕರು, ಅರಣ್ಯ ಇಲಾಖೆಯ ಇಂಥ ವಿಭಾಗ ಅಂತ ಬರೆದಿರುತ್ತಾರೆ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಆಮೇಲೆ ಹಿನ್ನೆಲೆ ಗಮನಿಸಿ. ಬಸ್ಸಿನ ಬೋರ್ಡು, ಮೈಲಿಗಲ್ಲು, ಬೆಟ್ಟದ ಆಕಾರ, ಮನೆಯ ಹೆಂಚು, ದೇವಸ್ಥಾನದ ಗೋಪುರ ಎಲ್ಲವೂ ಸುಳಿವೇ. ನಾಯಕ ನಾಯಕಿಯನ್ನು ಬಿಟ್ಟು ಅವರ ಹಿಂದೆ ಏನಿದೆ ಅಂತ ನೋಡೋಕೆ ಶುರು ಮಾಡಿದರೆ ಸಿನಿಮಾ ಬೇರೆ ಥರವೇ ಕಾಣುತ್ತದೆ. ಮನೆಯವರಿಗೆ ಮಾತ್ರ ಇದರಿಂದ ಕಿರಿಕಿರಿ!

ಮ್ಯಾಪಿನಲ್ಲಿ 'ಶೂಟಿಂಗ್ ಸ್ಪಾಟ್' ಅಂತ ಕಂಡದ್ದನ್ನೆಲ್ಲ ನಂಬಬೇಡಿ. ಆ ಗುರುತನ್ನು ಯಾರು ಬೇಕಾದರೂ ಹಾಕಬಹುದು. ಊರಿನ ಹಳೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ವಿಚಾರಿಸಿ, ಜಾಸ್ತಿ ನಿಖರವಾದ ಉತ್ತರ ಸಿಗುತ್ತದೆ.

ಬೆಂಗಳೂರಿಂದ ಬೆಳಿಗ್ಗೆ ಹೋಗಿ ಸಂಜೆ ಬರೋ ಹಾಗೆ ಯಾವುದಿದೆ?

ರಾಮನಗರ. ಹೆಚ್ಚುಕಡಿಮೆ 50 ಕಿ.ಮೀ., ಮೈಸೂರು ದಾರಿಯಲ್ಲೇ ಇದೆ, ಬಸ್ಸೂ ಉಂಟು, ರೈಲೂ ಉಂಟು. ಸ್ವಲ್ಪ ದೂರ ಆದರೂ ಪರವಾಗಿಲ್ಲ ಅಂದರೆ ಮೇಲುಕೋಟೆ. ಚಿತ್ರದುರ್ಗ ಸುಮಾರು 200 ಕಿ.ಮೀ. ಆಗುತ್ತದೆ. ಒಂದೇ ದಿನದಲ್ಲಿ ಆಗುತ್ತದೆ, ಆದರೆ ಕೋಟೆಯನ್ನು ಓಡುತ್ತಾ ನೋಡಬೇಕಾಗುತ್ತದೆ. ಹಾಗೆ ನೋಡುವ ಕೋಟೆ ಅದಲ್ಲ.

ಮಳೆಗಾಲದಲ್ಲಿ ಹೋದ್ರೆ ಸಿನಿಮಾ ಥರಾನೇ ಕಾಣುತ್ತಾ?

ಸಿನಿಮಾದ ಮಳೆ ಎಷ್ಟೋ ಸಲ ಟ್ಯಾಂಕರ್ ನೀರು. ಬೇಕಾದಾಗ ಸುರಿಯುತ್ತದೆ, ಬೇಡದಾಗ ನಿಲ್ಲುತ್ತದೆ. ಮಲೆನಾಡಿನ ಮಳೆ ಯಾರ ಮಾತೂ ಕೇಳುವುದಿಲ್ಲ. ಆಗುಂಬೆಯಲ್ಲಿ ಜುಲೈನಲ್ಲಿ ನಿಂತರೆ ಎದುರಿನ ಮನೆಯೂ ಕಾಣದ ದಿನಗಳಿರುತ್ತವೆ. ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದೂ ಉಂಟು.

ಜಲಪಾತ ನೋಡಬೇಕಿದ್ದರೆ ಆಗಸ್ಟ್, ಸೆಪ್ಟೆಂಬರ್. ಹಸಿರು ಇರಬೇಕು, ನಡೆದಾಡಲೂ ಆಗಬೇಕು ಅಂದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ರಾಮನಗರ, ಚಿತ್ರದುರ್ಗದಂಥ ಬಂಡೆಯ ಊರುಗಳಿಗೆ ಚಳಿಗಾಲವೇ ಸರಿ. ಏಪ್ರಿಲ್‌ನಲ್ಲಿ ಆ ಬಂಡೆ ಮೇಲೆ ಕಾಲಿಡೋಕಾಗಲ್ಲ. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವವರು ಇಂಬಳಕ್ಕೆ ತಯಾರಾಗಿರಿ. ಸುಣ್ಣವೋ ಉಪ್ಪೋ ಜೊತೆಗಿರಲಿ.

ಟಿಕೆಟ್, ಅನುಮತಿ ಏನಾದ್ರೂ ಬೇಕಾ?

ಜಾಗ ಯಾರದು ಅನ್ನುವುದರ ಮೇಲಿದೆ. ಚಿತ್ರದುರ್ಗ ಕೋಟೆಯಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಸಣ್ಣ ಮೊತ್ತದ ಟಿಕೆಟ್ ಇರುತ್ತದೆ. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಈಗ ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇರುವುದರಿಂದ ಶನಿವಾರ, ಭಾನುವಾರ ಬೇಗ ತುಂಬಿಹೋಗುತ್ತವೆ. ಖಾಸಗಿ ಮನೆ, ತೋಟ ಆದರೆ ಮಾಲೀಕರ ಬಾಯಿಮಾತಿನ ಒಪ್ಪಿಗೆಯೇ ಅನುಮತಿ.

## ಊರೂರಿನ ಪ್ರಶ್ನೆಗಳು

'ಶೋಲೆ'ಯ ರಾಮಗಢ ಈಗ್ಲೂ ರಾಮನಗರದಲ್ಲಿ ಇದೆಯಾ?

ಊರು ಇಲ್ಲ, ಬಂಡೆಗಳಿವೆ. ರಾಮಗಢ ಅನ್ನುವುದು ಪೂರ್ತಿ ಸೆಟ್. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿದ್ದರು. 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಶುರುವಾಯಿತು. ಸೆಟ್‌ಗೆ ಹೋಗಿಬರಲು ಹೆದ್ದಾರಿಯಿಂದ ರಸ್ತೆಯನ್ನೂ ಮಾಡಿಸಬೇಕಾಯಿತು. ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು. ನಿರ್ದೇಶಕ ರಮೇಶ್ ಸಿಪ್ಪಿ ಹೆಸರಲ್ಲಿ ಒಂದಷ್ಟು ಜಾಗವನ್ನು 'ಸಿಪ್ಪಿ ನಗರ' ಅಂತಲೂ ಕರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಸೆಟ್ ಕಳಚಿದರು.

ಹಾಗಾಗಿ ಠಾಕೂರರ ಮನೆ ಹುಡುಕಿಕೊಂಡು ಹೋಗಬೇಡಿ. ಜೈಲಿನ ದೃಶ್ಯವೂ ಇಲ್ಲಿಯದಲ್ಲ, ಅದರ ಸೆಟ್ ಮುಂಬೈಯಲ್ಲಿ ರಾಜ್‌ಕಮಲ್ ಸ್ಟುಡಿಯೋ ಹತ್ತಿರ ಇತ್ತು. ರೈಲಿನ ಹೊಡೆದಾಟ ಮುಂಬೈ–ಪುಣೆ ಮಾರ್ಗದ ಪನ್ವೇಲ್ ಕಡೆ ನಡೆದದ್ದು. ರಾಮನಗರದಲ್ಲಿ ನಿಮಗೆ ಸಿಗುವುದು ಆ ಬೆಟ್ಟದ ಅಂಚು, ಆ ಬಂಡೆಯ ಬಣ್ಣ. ನನ್ನ ಕೇಳಿದರೆ ಚಿತ್ರದ ಅರ್ಧ ಭಯ ಹುಟ್ಟಿಸಿದ್ದು ಆ ಬಂಡೆಗಳೇ. 'ಗಬ್ಬರ್ ಕೂತ ಬಂಡೆ ಇದೇ' ಅಂತ ತೋರಿಸುವವರು ಸಿಗುತ್ತಾರೆ. ಇಬ್ಬರು ತೋರಿಸಿದರೆ ಎರಡು ಬಂಡೆ! ಕಥೆ ಚೆನ್ನಾಗಿರುತ್ತದೆ, ಕೇಳಿಸಿಕೊಳ್ಳಿ.

ಕಲ್ಲಿನ ಬಗ್ಗೆ ಆಸಕ್ತಿ ಇದ್ದರೆ ಇನ್ನೊಂದು ವಿಷಯ. ಈ ಗ್ರಾನೈಟ್‌ಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಬ್ರಿಟಿಷರ ಕಾಲದಲ್ಲಿ ರಾಮನಗರವನ್ನು ಹಾಗೆ ಕರೆಯುತ್ತಿದ್ದರು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ.

ರಾಮದೇವರ ಬೆಟ್ಟ ಹತ್ತೋಕೆ ಬಿಡ್ತಾರಾ? ಹದ್ದುಗಳಿವೆ ಅಂತಾರಲ್ಲ?

ಮೆಟ್ಟಿಲು ಹತ್ತಿ ದೇವಸ್ಥಾನಕ್ಕೆ ಹೋಗಬಹುದು. ಸುತ್ತಲಿನ ಕಡಿದಾದ ಬಂಡೆಗಳು ಉದ್ದ ಕೊಕ್ಕಿನ ರಣಹದ್ದುಗಳ ಜಾಗ. 2012ರಲ್ಲಿ ಇದನ್ನು ರಣಹದ್ದು ಧಾಮ ಅಂತ ಘೋಷಿಸಿದರು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿಯಿಂದ ದೇಶದ ಉದ್ದಗಲಕ್ಕೂ ರಣಹದ್ದುಗಳು ಸತ್ತವು. ಆ ಔಷಧಿ ಸೇರಿದ ಸತ್ತ ದನವನ್ನು ತಿಂದರೆ ಹಕ್ಕಿಯ ಮೂತ್ರಪಿಂಡವೇ ಕೆಟ್ಟುಹೋಗುತ್ತದೆ. ಉಳಿದ ಕೆಲವೇ ಹಕ್ಕಿಗಳಿಗೆ ಈ ಬಂಡೆಗಳು ಆಸರೆ.

ಆದ್ದರಿಂದ ಸ್ಪೀಕರ್ ಹಾಕಿಕೊಂಡು 'ಕಿತ್ನೇ ಆದ್ಮಿ ಥೇ' ಅಂತ ಕೂಗುವ ರೀಲ್ಸ್ ಮಾಡಬೇಡಿ. ಸದ್ದಿಗೆ ಹಕ್ಕಿ ಗೂಡು ಬಿಟ್ಟು ಎದ್ದುಹೋಗುತ್ತದೆ. ದುರ್ಬೀನು ಇದ್ದರೆ ತನ್ನಿ, ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಆಕಾಶ ನೋಡಿ.

ಮಾಲ್ಗುಡಿ ಅನ್ನೋ ಊರು ನಿಜವಾಗ್ಲೂ ಎಲ್ಲಿದೆ? ಆಗುಂಬೆನಾ, ಅರಸಾಳಾ, ಮೈಸೂರಾ?

ಮಾಲ್ಗುಡಿ ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಊರು. ನೀವು ಹೇಳಿದ ಮೂರಕ್ಕೂ ಅದರ ಜೊತೆ ನಂಟಿದೆ. ನಾರಾಯಣ್ ವರ್ಷಗಟ್ಟಲೆ ಬದುಕಿದ್ದು ಮೈಸೂರಿನಲ್ಲಿ. ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡಿದಾಗ ಊರಿನ ದೃಶ್ಯಗಳಿಗೆ ಆಗುಂಬೆಯನ್ನು ಆರಿಸಿಕೊಂಡರು. ರೈಲು ನಿಲ್ದಾಣಕ್ಕೆ ಅದೇ ಶಿವಮೊಗ್ಗ ಜಿಲ್ಲೆಯ ಅರಸಾಳು.

ಆಗುಂಬೆಯಲ್ಲಿ ಇಳಿದಾಗ ಎಷ್ಟೋ ಜನರಿಗೆ 'ಇಷ್ಟೇನಾ?' ಅನ್ನಿಸುತ್ತದೆ. ಒಂದು ರಸ್ತೆ, ಕೆಲವು ಅಂಗಡಿ, ಹೆಂಚಿನ ಮನೆಗಳು. ಊರು ಅಷ್ಟು ಚಿಕ್ಕದಾಗಿರುವುದಕ್ಕೇ ಶಂಕರ್ ನಾಗ್ ಅಲ್ಲಿಗೆ ಬಂದದ್ದಿರಬೇಕು. ವಿದ್ಯುತ್ ಕಂಬ, ಬೋರ್ಡುಗಳನ್ನು ಮರೆಸಿದರೆ ಹಳೆಯ ಕಾಲ ತಾನಾಗಿ ಬಂದುಬಿಡುವ ಬೀದಿ ಅದು. ಕಲಾ ನಿರ್ದೇಶಕ ಜಾನ್ ದೇವರಾಜ್ ಉಳಿದದ್ದನ್ನು ಸೇರಿಸಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಓಡಾಡಿದ ಬೀದಿಯಲ್ಲಿ ಒಂದು ಸಂಜೆ ಸುಮ್ನೆ ನಡೆಯಿರಿ. ಸೂರ್ಯಾಸ್ತ ನೋಡುವ ಜಾಗಕ್ಕೆ ಎಲ್ಲರೂ ಓಡುತ್ತಾರೆ, ಬೀದಿ ಖಾಲಿ ಇರುತ್ತದೆ.

ಒಂದು ಸಲಹೆ: ಹೊರಡುವ ಮೊದಲು ಎರಡು ಮೂರು ಕಂತು ಮತ್ತೆ ನೋಡಿ. ಮೂವತ್ತು ವರ್ಷದ ಹಿಂದಿನ ನೆನಪು ನೆಚ್ಚಿಕೊಂಡು ಹೋದರೆ ಎಲ್.ವೈದ್ಯನಾಥನ್ ಅವರ ಸಂಗೀತ ಮಾತ್ರ ನೆನಪಿರುತ್ತದೆ, ಮನೆ ಬಾಗಿಲು ನೆನಪಿರುವುದಿಲ್ಲ.

ಆಗುಂಬೆಯ ದೊಡ್ಡಮನೆಗೆ ಹಾಗೇ ಹೋಗಿ ನೋಡಬಹುದಾ?

ಅದು ಜನ ಬದುಕುತ್ತಿರುವ ಮನೆ. ನೂರು ವರ್ಷ ದಾಟಿದ ತೊಟ್ಟಿಮನೆ, ಮರದ ಕಂಬಗಳು, ನಡುವೆ ಅಂಗಳ. ಧಾರಾವಾಹಿಯಲ್ಲಿ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಬಂದವರಿಗೆ ಊಟ, ಕಷಾಯ ಕೊಟ್ಟು, ಇಷ್ಟೇ ಕೊಡಿ ಅಂತ ಕೇಳದೆ ಉಪಚರಿಸಿದ ಮನೆ ಅದು. ಆ ಒಳ್ಳೆಯತನವನ್ನು ಹೋಟೆಲು ಅಂತ ತಿಳಿದುಕೊಳ್ಳಬಾರದು ಅಷ್ಟೇ.

ಮೊದಲೇ ವಿಚಾರಿಸಿ ಹೋಗಿ. ಚಪ್ಪಲಿ ಹೊರಗೆ ಬಿಡಿ. ಅಡುಗೆಮನೆ, ದೇವರಮನೆ ಕಡೆ ಕ್ಯಾಮೆರಾ ಹಿಡಿಯುವ ಮೊದಲು ಕೇಳಿ. ಇಪ್ಪತ್ತು ಜನರ ಗುಂಪು ಹೇಳದೆ ಕೇಳದೆ ಮಧ್ಯಾಹ್ನ ಒಂದು ಗಂಟೆಗೆ ಬಾಗಿಲಲ್ಲಿ ನಿಂತರೆ ನಿಮ್ಮ ಮನೆಯಲ್ಲಾದರೂ ಏನು ಮಾಡುತ್ತೀರಿ? ಹೊರಡುವಾಗ ಅವರು ಕೇಳದಿದ್ದರೂ ಕೈಬಿಚ್ಚಿ ಕೊಟ್ಟು ಬನ್ನಿ.

ಅರಸಾಳು ಸ್ಟೇಷನ್‌ಗೆ ರೈಲಲ್ಲೇ ಹೋಗಬೇಕು ಅಂತ ಆಸೆ. ಆಗುತ್ತಾ?

ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿದೆ, ಹತ್ತಿರದ ಪೇಟೆ ರಿಪ್ಪನ್‌ಪೇಟೆ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಓಡುವ ರೈಲುಗಳೇ ಕಮ್ಮಿ. ಹೋಗುವ ರೈಲಿನ ಜೊತೆಗೆ ವಾಪಸ್ ಬರುವ ರೈಲಿನ ಸಮಯವನ್ನೂ ನೋಡಿಕೊಳ್ಳಿ, ಇಲ್ಲದಿದ್ದರೆ ರಸ್ತೆಗೆ ಬಂದು ಬಸ್ಸಿಗೆ ಕಾಯಬೇಕಾಗುತ್ತದೆ.

ಧಾರಾವಾಹಿಯ ಕಾಲದಲ್ಲಿ ಅದು ಮೀಟರ್ ಗೇಜ್ ದಾರಿ. ಈಗ ಬ್ರಾಡ್ ಗೇಜ್, ನಿಲ್ದಾಣದ ಕಟ್ಟಡವೂ ಹೊಸದು. ಪಾಳುಬಿದ್ದಿದ್ದ ಹಳೆಯ ಕಟ್ಟಡವನ್ನು ನೈಋತ್ಯ ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ 'ಮಾಲ್ಗುಡಿ ವಸ್ತುಸಂಗ್ರಹಾಲಯ' ಮಾಡಿತು. ಆ ಕೆಲಸವನ್ನೂ ಜಾನ್ ದೇವರಾಜ್ ಅವರೇ ವಹಿಸಿಕೊಂಡಿದ್ದರು. ತಾವೇ ಒಮ್ಮೆ ಮಾಲ್ಗುಡಿ ಮಾಡಿದ್ದ ಜಾಗಕ್ಕೆ ಮೂವತ್ತಕ್ಕೂ ಜಾಸ್ತಿ ವರ್ಷ ಕಳೆದು ವಾಪಸ್ ಬಂದು ಅದನ್ನೇ ಮತ್ತೆ ಕಟ್ಟುವುದು ಎಷ್ಟು ಕಲಾವಿದರಿಗೆ ಸಿಗುತ್ತದೆ?

ಆಗುಂಬೆ ಮತ್ತು ಅರಸಾಳು ಅಕ್ಕಪಕ್ಕ ಅಂದುಕೊಂಡು ಬರುವವರು ತುಂಬ. ಹಾಗಿಲ್ಲ. ನಡುವೆ ತೀರ್ಥಹಳ್ಳಿ ಸೀಮೆ ಇದೆ, ಎರಡನ್ನೂ ನೋಡಲು ಒಂದು ಇಡೀ ದಿನ ಬೇಕು.

ಚಿತ್ರದುರ್ಗದ ಓಬವ್ವನ ಕಿಂಡಿ ನಿಜವಾದದ್ದಾ, 'ನಾಗರಹಾವು' ಚಿತ್ರಕ್ಕೆ ಮಾಡಿದ ಸೆಟ್ಟಾ?

ನಿಜವಾದದ್ದೇ. ಒಬ್ಬ ಮನುಷ್ಯ ಬಗ್ಗಿ ತೂರಬಹುದಾದ ಬಂಡೆಯ ಸಂದು. ಹೈದರಾಲಿಯ ಸೈನಿಕರು ಅಲ್ಲಿಂದ ನುಸುಳುವಾಗ ಓಬವ್ವ ಒನಕೆಯಿಂದ ಹೊಡೆದು ಕೆಡವಿದಳು ಅನ್ನುವ ಕಥೆ ಕನ್ನಡದ ಮಕ್ಕಳಿಗೆಲ್ಲ ಬಾಯಿಪಾಠ. ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದಾಗ ಓಬವ್ವನ ಹಾಡನ್ನು ಇದೇ ಕೋಟೆಯಲ್ಲಿ ತೆಗೆದರು, ಓಬವ್ವನಾಗಿ ಜಯಂತಿ ಬಂದರು. ಓಬವ್ವ ಅಂದ ಕೂಡಲೇ ಇವತ್ತಿಗೂ ಎಷ್ಟೋ ಜನರ ಕಣ್ಣಿಗೆ ಬರುವುದು ಜಯಂತಿ ಮುಖವೇ, ಅಲ್ವಾ?

ಕಿಂಡಿ ನೋಡಿ ಫೋಟೋ ತೆಗೆಸಿಕೊಂಡು ತಿರುಗಿ ಹೋಗುವವರೇ ಜಾಸ್ತಿ. ದಯವಿಟ್ಟು ಮೇಲೆ ಹತ್ತಿ. ಏಳು ಸುತ್ತಿನ ಕೋಟೆ ಅಂತ ಸುಮ್ನೆ ಕರೆದಿಲ್ಲ. ಬಾಗಿಲು ದಾಟಿದಂತೆಲ್ಲ ದಾರಿ ತಿರುಗುತ್ತದೆ, ನೇರವಾಗಿ ನುಗ್ಗುವ ಹಾಗೇ ಇಲ್ಲ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಗುಡಿಗಳು, ಗೋಪಾಲಸ್ವಾಮಿ ಹೊಂಡ, ಅಕ್ಕ–ತಂಗಿ ಹೊಂಡ ಎಲ್ಲ ಒಳಗಿವೆ. ವಿಷ್ಣುವರ್ಧನ್‌ರ ರಾಮಾಚಾರಿ ಸಿಟ್ಟಿನಲ್ಲಿ ಬಂಡೆಯಿಂದ ಬಂಡೆಗೆ ತಿರುಗುವುದನ್ನು ನೋಡಿದವರಿಗೆ ಒಂದು ವಿಷಯ ಇಲ್ಲಿ ಅರ್ಥವಾಗುತ್ತದೆ. ಆ ಹುಡುಗನ ಸ್ವಭಾವವೂ ಈ ಊರಿನ ಕಲ್ಲಿನದ್ದೇ. ಕಾದಂಬರಿ ಬರೆದ ತ.ರಾ.ಸು. ಅವರಿಗೂ ದುರ್ಗದ ನಂಟು ಗಾಢವಾದದ್ದು.

ನೀರು ಜೊತೆಗಿರಲಿ, ಮಂಗಗಳಿವೆ, ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ಗೈಡ್ ಇಟ್ಟುಕೊಂಡರೆ ದುಡ್ಡು ದಂಡವಲ್ಲ. ದುರ್ಗದ ಗೈಡ್‌ಗಳು ಕಥೆ ಹೇಳುವ ರೀತಿಗೇ ಹೋಗಬಹುದು.

'ಮುಂಗಾರು ಮಳೆ'ಯಲ್ಲಿ ಗಣೇಶ್ ನಿಂತ ಥರ ಜೋಗದ ತುದಿಯಲ್ಲಿ ನಿಂತು ಫೋಟೋ ತೆಗೆಸ್ಕೊಳ್ಳೋಕೆ ಆಗುತ್ತಾ?

ಆಗಲ್ಲ, ಪ್ರಯತ್ನಿಸಲೂ ಬೇಡಿ. 2006ರ ಕೊನೆಗೆ ಆ ಚಿತ್ರ ಬಂದ ಮೇಲೆ ಜೋಗಕ್ಕೆ ಜನ ಮುಗಿಬಿದ್ದರು, ತುದಿಗೆ ಹೋಗುವ ಹುಚ್ಚೂ ಬಂತು. ಅಲ್ಲಿಂದ ಕೆಳಗೆ 253 ಮೀಟರ್. ಪಾಚಿ ಹಿಡಿದ ಬಂಡೆ, ಇದ್ದಕ್ಕಿದ್ದಂತೆ ಏರುವ ನೀರು. ಚಿತ್ರತಂಡಕ್ಕೆ ಹಗ್ಗ, ಜನ, ಸಿದ್ಧತೆ ಇರುತ್ತದೆ. ನಿಮಗೆ ಇರುವುದು ಗೆಳೆಯನ ಮೊಬೈಲ್ ಒಂದೇ.

ನೋಡುವ ಕಟ್ಟೆಯಿಂದಲೇ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಚೆನ್ನಾಗಿ ಕಾಣುತ್ತವೆ. ಬೇಸಿಗೆಯಲ್ಲಿ ಹೋಗಿ 'ನೀರೇ ಇಲ್ಲ' ಅಂತ ಬೈಯಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಆಮೇಲೆ ನಮ್ಮ ಕಣ್ಣಿಗೆ. ಅಭಿವೃದ್ಧಿ ಕೆಲಸಕ್ಕೆ ಅಂತ ಪ್ರವೇಶ ನಿಲ್ಲಿಸಿದ್ದೂ ಉಂಟು. ಹೊರಡುವ ಮುಂಚೆ ವಿಚಾರಿಸಿ.

'ಗಾಳಿಪಟ'ದ ಮುಗಿಲುಪೇಟೆ ಯಾವ ತಾಲ್ಲೂಕು?

ಮುಗಿಲುಪೇಟೆ ಚಿತ್ರದವರು ಇಟ್ಟ ಹೆಸರು. ಜಾಗ ಕೊಡಗಿನ ಮಾಂದಲಪಟ್ಟಿ, ಮಡಿಕೇರಿಯಿಂದ ಹೋಗಬೇಕು. 2008ರ ಚಿತ್ರ ಅದು. ಅಲ್ಲಿಂದ ಈಚೆಗೆ ಬೋರ್ಡುಗಳಲ್ಲೂ ಮುಗಿಲುಪೇಟೆ ಅಂತಲೇ ಬರೆಯುವಷ್ಟು ಹೆಸರು ಅಂಟಿಕೊಂಡಿದೆ. ಕೊನೆಯ ದಾರಿ ಕೆಟ್ಟದು, ಬಾಡಿಗೆ ಜೀಪೇ ಗತಿ. ಸೊಂಟ ನೋವು ಇರುವವರು ಯೋಚನೆ ಮಾಡಿ. ಮಂಜು ತೆರೆದರೆ ಬೆಟ್ಟಗಳ ಸಾಲು, ತೆರೆಯದಿದ್ದರೆ ಬರೀ ಬಿಳಿ ಗೋಡೆ. ಇದಕ್ಕೆ ಯಾರೂ ಖಾತ್ರಿ ಕೊಡಲಾರರು.

'ನಮ್ಮೂರ ಮಂದಾರ ಹೂವೆ' ನೋಡಿ ಯಾಣಕ್ಕೆ ಹೋಗಬೇಕು ಅನ್ನಿಸಿದೆ. ಕಷ್ಟದ ದಾರಿನಾ?

'ರೊಕ್ಕ ಇದ್ದವ ಗೋಕರ್ಣಕ್ಕೆ, ಸೊಕ್ಕಿದ್ದವ ಯಾಣಕ್ಕೆ' ಅನ್ನುವ ಗಾದೆ ಹುಟ್ಟಿದ ಕಾಲದಲ್ಲಿ ಕಷ್ಟವಿತ್ತು. 1990ರ ದಶಕದ ನಡುವೆ ಸುನಿಲ್ ಕುಮಾರ್ ದೇಸಾಯಿ ಆ ಚಿತ್ರ ತೆಗೆದಾಗಲೂ ಹೊರಗಿನವರು ಅಲ್ಲಿಗೆ ಹೋಗುತ್ತಿದ್ದದ್ದು ಕಮ್ಮಿ. ಚಿತ್ರ ಬಂದ ಮೇಲೆ ಯಾಣ ಮನೆಮಾತಾಯಿತು. ಈಗ ಕುಮಟಾ ಕಡೆಯಿಂದಲೂ ಶಿರಸಿ ಕಡೆಯಿಂದಲೂ ರಸ್ತೆ ಇದೆ, ಕೊನೆಗೆ ಕಾಡಿನ ನಡಿಗೆ ಮತ್ತು ಮೆಟ್ಟಿಲು.

ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸುತ್ತ ಹಸಿರು ಕಾಡು, ನಡುವೆ ಈ ಕಪ್ಪು ಸುಣ್ಣಕಲ್ಲು. ಭಸ್ಮಾಸುರ ಸುಟ್ಟ ಬೂದಿಯಿಂದ ಮಣ್ಣು ಕಪ್ಪಾಯಿತು ಅಂತ ಊರವರು ಹೇಳುತ್ತಾರೆ. ಮೇಲೆ ಹೆಜ್ಜೇನು ಕಟ್ಟಿರುತ್ತದೆ. ಕೂಗುವುದು, ಕಲ್ಲೆಸೆಯುವುದು, ಹೊಗೆ ಎಬ್ಬಿಸುವುದು ಯಾವುದೂ ಬೇಡ.

ಮೇಲುಕೋಟೆಯಲ್ಲೇ ಯಾಕೆ ಅಷ್ಟೊಂದು ಸಿನಿಮಾ ತೆಗೀತಾರೆ?

ಒಂದೇ ಊರಲ್ಲಿ ಎಲ್ಲ ಇದೆ. ಅರ್ಧಕ್ಕೆ ನಿಂತ ರಾಯಗೋಪುರ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ, ಬೆಟ್ಟದ ಮೇಲೆ ಯೋಗಾನರಸಿಂಹ, ಕೆಳಗೆ ಹಳೆಯ ಬೀದಿಗಳು. ಮೈಸೂರು ಹತ್ತಿರ, ಹಾಗಾಗಿ ಚಿತ್ರತಂಡ ಉಳಿದುಕೊಳ್ಳಲು ತೊಂದರೆ ಇಲ್ಲ. ರಾಯಗೋಪುರಕ್ಕೆ ಮೇಲೆ ಗೋಪುರವೇ ಇಲ್ಲದ್ದರಿಂದ ನಾಲ್ಕು ಎತ್ತರದ ಕಂಬಗಳ ನಡುವೆ ಆಕಾಶ ಕಾಣುತ್ತದೆ. ಯಾವ ಛಾಯಾಗ್ರಾಹಕ ಅದನ್ನು ಬಿಟ್ಟಾನು? ಮಣಿರತ್ನಂ 1991ರ 'ದಳಪತಿ'ಯ ಒಂದು ದೊಡ್ಡ ಗುಂಪಿನ ಹಾಡನ್ನು ಅಲ್ಲೇ ತೆಗೆದರು. ಅದೇ ಚಿತ್ರದ ಇನ್ನೊಂದು ಹಾಡಿಗೆ ಸೋಮನಾಥಪುರಕ್ಕೆ ಹೋದರು.

ವೈರಮುಡಿ ಉತ್ಸವದ ದಿನಗಳಲ್ಲಿ ಸಿನಿಮಾ ಜಾಗ ನೋಡಲು ಹೋಗಬೇಡಿ, ಉತ್ಸವ ನೋಡಲು ಹೋಗಿ. ಪುಳಿಯೋಗರೆ ಮಾತ್ರ ಯಾವ ದಿನ ಹೋದರೂ ತಿನ್ನಬೇಕು.

'ಕೆ.ಜಿ.ಎಫ್.'ನಲ್ಲಿ ಬರೋ ಗಣಿ ಒಳಗೆ ಹೋಗಬಹುದಾ?

ಇಲ್ಲ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು, ಸುರಂಗಗಳು ಸಾರ್ವಜನಿಕರಿಗೆ ತೆರೆದಿಲ್ಲ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಜಾಸ್ತಿ ಆಳ, ಈಗ ನೀರು ತುಂಬಿದೆ. ಚಿತ್ರದಲ್ಲಿ ಕಾಣುವ ಆ ಲೋಕ ಸೆಟ್, ಗ್ರಾಫಿಕ್ಸ್ ಸೇರಿ ಆದದ್ದು. ಹಿನ್ನೆಲೆಗೆ ಸಿಕ್ಕಿದ್ದು ಸೈನೈಡ್ ದಿಬ್ಬಗಳು, ಅಂದರೆ ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡೆಗಳು. ಅದರ ದೂಳು ಒಳ್ಳೆಯದಲ್ಲ, ಮಕ್ಕಳನ್ನು ಹತ್ತಿಸಬೇಡಿ.

ನೋಡಬೇಕಾದದ್ದು ಊರನ್ನು. ಬಂಗಾರಪೇಟೆ ದಾಟಿ ಮಾರಿಕುಪ್ಪಂವರೆಗೆ ರೈಲು ಹೋಗುತ್ತದೆ. ಬ್ರಿಟಿಷರ ಬಂಗಲೆಗಳು, ಕಾರ್ಮಿಕರ ಸಾಲುಮನೆಗಳು ಇನ್ನೂ ಇವೆ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಇದು. ಇಲ್ಲಿಯ ಜನರನ್ನು ಮಾತಾಡಿಸಿದರೆ ಚಿತ್ರದ ನಾಯಕನ ಬಗ್ಗೆ ಹೇಳುವುದಿಲ್ಲ, ಗಣಿ ಮುಚ್ಚಿದ ಮೇಲೆ ದಿನಾ ಬೆಳಿಗ್ಗೆ ಬೆಂಗಳೂರಿಗೆ ರೈಲು ಹತ್ತುವ ಬದುಕಿನ ಬಗ್ಗೆ ಹೇಳುತ್ತಾರೆ. ಬರುವಾಗ ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ ತಿನ್ನಿ.

'ಕಾಂತಾರ'ದ ಊರಿಗೆ ಹೋದ್ರೆ ದೈವದ ಕೋಲ ನೋಡೋಕೆ ಸಿಗುತ್ತಾ?

2022ರ ಚಿತ್ರ ತೆಗೆದದ್ದು ಉಡುಪಿ ಜಿಲ್ಲೆಯ ಕೆರಾಡಿಯಲ್ಲಿ, ಅದು ರಿಷಬ್ ಶೆಟ್ಟಿಯವರ ಹುಟ್ಟೂರು. ಚಿತ್ರದ ಹಳ್ಳಿಗೆ ಸೆಟ್ ಹಾಕಿದ್ದರು. ಕೋಲ ಪ್ರದರ್ಶನವಲ್ಲ, ಆಯಾ ಮನೆಯವರ, ಊರವರ ಹರಕೆ ಮತ್ತು ನೇಮ. ತುಳುನಾಡಿನಲ್ಲಿ ಮೇ ಕೊನೆಯ ಪತ್ತನಾಜೆ ಅನ್ನುವ ದಿನ ಕಳೆದರೆ ದೀಪಾವಳಿ ಹೊತ್ತಿನವರೆಗೆ ಕೋಲ ನಡೆಯುವುದಿಲ್ಲ. ಮಳೆಗಾಲದಲ್ಲಿ ಹೋಗಿ ಕೇಳಿದರೆ ನಕ್ಕುಬಿಡುತ್ತಾರೆ.

ಊರವರು ಕರೆದರೆ ಹೋಗಿ, ಹಿಂದೆ ನಿಂತು ನೋಡಿ. ಫ್ಲಾಶ್ ಹಾಕಬೇಡಿ. ದೈವದ ಕೂಗನ್ನು ಅನುಕರಿಸಿ ವಿಡಿಯೋ ಮಾಡುವುದು ಅಲ್ಲಿಯವರಿಗೆ ನಿಜಕ್ಕೂ ನೋವು ಕೊಡುತ್ತದೆ. ಕಂಬಳ ನೋಡುವ ಆಸೆ ಇದ್ದರೆ ಸುಲಭ. ಚಳಿಗಾಲದಿಂದ ಮಾರ್ಚ್–ಏಪ್ರಿಲ್‌ವರೆಗೆ ಕರಾವಳಿಯ ಬೇರೆ ಬೇರೆ ಕಡೆ ನಡೆಯುತ್ತದೆ, ಎಲ್ಲರೂ ಹೋಗಬಹುದು.

## ಇನ್ನೂ ಒಳಗೆ ಇಳಿಯುವವರಿಗೆ

'ತಿಥಿ'ಯಲ್ಲಿ ಹಳ್ಳಿಯವರೇ ನಟಿಸಿದ್ದಾರಲ್ಲ, ಅವರನ್ನ ಹೋಗಿ ಮಾತಾಡಿಸಬಹುದಾ?

ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಿನಲ್ಲಿ, ಅಲ್ಲಿಯ ಮತ್ತು ಸುತ್ತಲಿನ ಜನರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಚಿತ್ರ ಅದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದಿತು. ಊರಿಗೆ ಹೋಗಬೇಡಿ ಅಂತ ನಾನು ಹೇಳಲಾರೆ. ಆದರೆ ಪಾತ್ರದ ಹೆಸರಿಂದ ಕರೆಯುವುದು, ಚಿತ್ರದಲ್ಲಿ ಬೈದ ಬೈಗುಳ ಮತ್ತೆ ಬೈಯಿರಿ ಅನ್ನುವುದು, ಕುಡಿಸಿ ವಿಡಿಯೋ ಮಾಡುವುದು ಅಸಹ್ಯ. ಅವರು ಹೊಲಕ್ಕೆ ಹೋಗುವ ಜನ, ವಸ್ತುಪ್ರದರ್ಶನದಲ್ಲಿ ಇಟ್ಟವರಲ್ಲ.

ಇದಕ್ಕಿಂತ ನೆಮ್ಮದಿಯಾಗಿ ನೋಡಬಹುದಾದದ್ದು ಶೃಂಗೇರಿ ಹತ್ತಿರದ ವೈಕುಂಠಪುರ. 1970ರ 'ಸಂಸ್ಕಾರ'ವನ್ನು ಪಟ್ಟಾಭಿರಾಮ ರೆಡ್ಡಿ ಅಲ್ಲಿ ತೆಗೆದರು, ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಕಪ್ಪುಬಿಳುಪಿನಲ್ಲಿ ನೋಡಿದ್ದ ಆ ಸೀಮೆ ಎಷ್ಟು ಹಸಿರು ಅಂತ ಹೋದಾಗಲೇ ಗೊತ್ತಾಗುವುದು.

'ಎ ಪ್ಯಾಸೇಜ್ ಟು ಇಂಡಿಯಾ'ದ ಮರಬಾರ್ ಗುಹೆಗಳು ಸಾವನದುರ್ಗದಲ್ಲಿ ಎಲ್ಲಿವೆ? ಸುತ್ತಿ ಸುತ್ತಿ ಸಾಕಾಯ್ತು.

ಸಿಗುವುದಿಲ್ಲ, ಯಾಕೆಂದರೆ ಅಂಥ ಗುಹೆಸಾಲು ಅಲ್ಲಿ ಇರಲೇ ಇಲ್ಲ. ಕಥೆಗೆ ಮೂಲವಾದ ಬರಾಬರ್ ಗುಹೆಗಳು ಬಿಹಾರದಲ್ಲಿವೆ, ಮೌರ್ಯರ ಕಾಲದವು. ನಿರ್ದೇಶಕ ಡೇವಿಡ್ ಲೀನ್ ಅವರಿಗೆ ಬೇಕಿದ್ದದ್ದು ಪರದೆ ತುಂಬುವ ಬೆಟ್ಟ. ಅದಕ್ಕೆ ಸಾವನದುರ್ಗ, ರಾಮದೇವರ ಬೆಟ್ಟಗಳಿಗೆ ಬಂದರು. ಗುಹೆ ಅಂತ ಕಾಣುವುದು ಬಹುಪಾಲು ಚಿತ್ರತಂಡದ ಕೈಕೆಲಸ. 1984ರ ಆ ಚಿತ್ರದಲ್ಲಿ ಬೆಂಗಳೂರು ಅರಮನೆಯೂ ಇದೆ, ಅದನ್ನು ಟಿಕೆಟ್ ಕೊಟ್ಟು ನೋಡಬಹುದು. ಸಾವನದುರ್ಗದ ಬಂಡೆ ಒದ್ದೆಯಾಗಿದ್ದಾಗ ಹತ್ತಬೇಡಿ.

ಎಷ್ಟು ಸಲ ತೆಗೆದ್ರೂ ಸಿನಿಮಾದ ಫ್ರೇಮ್ ಬರ್ತಾ ಇಲ್ಲ. ಜಾಗ ಅದೇ, ಬೆಟ್ಟ ಮಾತ್ರ ಚಿಕ್ಕದಾಗಿ ಕಾಣುತ್ತೆ. ಯಾಕೆ?

ಲೆನ್ಸ್. ಮೊಬೈಲಿನ ಮಾಮೂಲಿ ಲೆನ್ಸ್ ಅಗಲವಾಗಿ ನೋಡುತ್ತದೆ, ದೂರದ ಬೆಟ್ಟವನ್ನು ಹಿಂದಕ್ಕೆ ತಳ್ಳುತ್ತದೆ. ಸಿನಿಮಾದವರು ಎಷ್ಟೋ ಸಲ ದೂರ ನಿಂತು ಉದ್ದದ ಲೆನ್ಸ್ ಹಾಕಿರುತ್ತಾರೆ. ಆಗ ಬೆಟ್ಟ ಮನುಷ್ಯನ ಬೆನ್ನಿಗೇ ಬಂದು ನಿಂತ ಹಾಗಾಗುತ್ತದೆ. ನೀವೂ ಹಿಂದಕ್ಕೆ ಹೋಗಿ, 3 ಪಟ್ಟು ಜೂಮ್ ಮಾಡಿ, ಕ್ಯಾಮೆರಾ ಸ್ವಲ್ಪ ಕೆಳಗೆ ಹಿಡಿಯಿರಿ. ಚಿತ್ರದ ಒಂದು ಸ್ಟಿಲ್ ಫೋನಿನಲ್ಲಿ ಇಟ್ಟುಕೊಂಡು ಎರಡು ಗುರುತುಗಳನ್ನು ಹೊಂದಿಸಿ. ಒಂದು ಹತ್ತಿರದ್ದು, ಒಂದು ದೂರದ್ದು. ಎರಡೂ ಒಂದೇ ಗೆರೆಗೆ ಬಂದರೆ ಕ್ಯಾಮೆರಾ ನಿಂತ ಜಾಗ ಸಿಕ್ಕಿತು ಅಂತ ಅರ್ಥ.

ಇನ್ನೊಂದು ಕಾರಣ ಬೆಳಕು. ನೆರಳು ಯಾವ ಕಡೆ ಬಿದ್ದಿದೆ ನೋಡಿದರೆ ಬೆಳಿಗ್ಗೆಯೋ ಸಂಜೆಯೋ ಗೊತ್ತಾಗುತ್ತದೆ. 'ಶೋಲೆ'ಯಲ್ಲಿ ರಾಧಾ ದೀಪ ಹಚ್ಚುವ ಎರಡು ಪುಟ್ಟ ದೃಶ್ಯಕ್ಕೆ ಸರಿಯಾದ ಬೆಳಕಿಗಾಗಿ 20 ದಿನ ಹಿಡಿಯಿತು. ನೀವು ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಹತ್ತು ನಿಮಿಷದಲ್ಲಿ ಅದೇ ಬೇಕು ಅಂದರೆ ಹೇಗೆ?

ಡ್ರೋನ್ ಹಾರಿಸಬಹುದಾ? ಪ್ರಿ-ವೆಡ್ಡಿಂಗ್ ಶೂಟ್ ಮಾಡಬಹುದಾ?

ರಕ್ಷಿತ ಸ್ಮಾರಕ, ಅಭಯಾರಣ್ಯ, ಪಕ್ಷಿಧಾಮಗಳಲ್ಲಿ ಅನುಮತಿ ಇಲ್ಲದೆ ಡ್ರೋನ್ ಬೇಡವೇ ಬೇಡ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್‌ಗೂ ಮೊದಲೇ ಕೇಳಬೇಕು. ಕೈಯಲ್ಲಿ ಹಿಡಿದು ತೆಗೆದರೆ ತಕರಾರಿಲ್ಲ. ಮದುವೆ ಶೂಟ್ ವ್ಯಾಪಾರದ ಲೆಕ್ಕಕ್ಕೆ ಬರುತ್ತದೆ, ಬಟ್ಟೆ ಬದಲಿಸುವ ವ್ಯಾನು, ಲೈಟು, ಹೊಗೆ ಡಬ್ಬಿ ತಂದರೆ ಗೇಟಿನಲ್ಲೇ ತಡೆಯುತ್ತಾರೆ. ದುಡ್ಡು ಕಟ್ಟಿ ಕಾಗದ ಮಾಡಿಸಿಕೊಂಡೇ ಹೋಗಿ.

ನಮ್ಮಮ್ಮ ದಿನಾ ನೋಡೋ ಧಾರಾವಾಹಿಯ ಮನೆ ತೋರಿಸಬೇಕು. ಹೇಗೆ?

ಧಾರಾವಾಹಿಯ ಮನೆಗಳು ಸಾಮಾನ್ಯವಾಗಿ ಬೆಂಗಳೂರಿನ ಹೊರವಲಯದ ಬಾಡಿಗೆ ಬಂಗಲೆಗಳು. ಹೊರಗಿನ ಗೇಟು ಒಂದು ಕಡೆ, ಒಳಗಿನ ಹಾಲ್ ಇನ್ನೊಂದು ಕಡೆ ಇರುವುದೂ ಉಂಟು. ಒಂದೇ ಮನೆ ಎರಡು ಕಥೆಗಳಲ್ಲಿ ಎರಡು ಕುಟುಂಬದ್ದಾಗಿರುತ್ತದೆ. ಗೇಟಿನ ಮುಂದೆ ಹೋಗಿ ನಿಂತರೆ ಕಾವಲುಗಾರ ಒಳಗೆ ಬಿಡುವುದಿಲ್ಲ. ಪ್ರೊಡಕ್ಷನ್ ಕಡೆಯ ಯಾರಾದರೂ ಪರಿಚಯ ಇದ್ದರೆ ಅವರ ಮೂಲಕ ಕೇಳಿ. ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿಬಿಡಿ: ಅತ್ತೆ ಪಾತ್ರದಾಕೆ ಊಟದ ಬಿಡುವಿನಲ್ಲಿ ಸೊಸೆ ಜೊತೆ ನಗುತ್ತಾ ಕೂತಿರುತ್ತಾರೆ!

ಹಳೇ ಸ್ಟುಡಿಯೋಗಳಲ್ಲಿ ನೋಡೋಕೆ ಏನಾದ್ರೂ ಉಳಿದಿದೆಯಾ?

ಕಮ್ಮಿ. ಬೆಂಗಳೂರಿನ ಕಂಠೀರವ ಸ್ಟುಡಿಯೋಗೆ ಜನ ಹೋಗುವುದು ಡಾ. ರಾಜ್‌ಕುಮಾರ್, ಅಂಬರೀಶ್, ಪುನೀತ್ ಸಮಾಧಿಗಳಿಗೆ. ಹುಟ್ಟುಹಬ್ಬ, ಪುಣ್ಯತಿಥಿಯ ದಿನ ಕಾಲಿಡಲು ಜಾಗವಿರುವುದಿಲ್ಲ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ಕುರಿತ ಧಾರಾವಾಹಿಯ ಸೆಟ್‌ಗೆ ಬೆಂಕಿ ಬಿದ್ದು 62 ಜನ ಸತ್ತರು. ಆ ಸ್ಟುಡಿಯೋ ಈಗ ಇಲ್ಲ.

ನಾವು ಸಿಂಗಪುರದಲ್ಲಿದ್ದೀವಿ. ಇಲ್ಲಿ ಕನ್ನಡ ಸಿನಿಮಾದ ಜಾಗ ಯಾವುದಾದ್ರೂ ಇದೆಯಾ?

ಇದೆ! ಹೊರದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರವೇ ನಿಮ್ಮೂರಿನದು, 1978ರ 'ಸಿಂಗಪೂರ್‌ನಲ್ಲಿ ರಾಜಾ ಕುಳ್ಳ'. ವಿಷ್ಣುವರ್ಧನ್, ದ್ವಾರಕೀಶ್ ಜೋಡಿ. ಕಟ್ಟಡಗಳು ಈಗ ಗುರುತು ಸಿಗದಷ್ಟು ಬದಲಾಗಿವೆ, ಅದೇ ಆಟದ ಮಜಾ. ಚಿತ್ರ ಹಾಕಿಕೊಂಡು ರಸ್ತೆಯ ದೃಶ್ಯಗಳು ಬಂದಾಗ ನಿಲ್ಲಿಸಿ, ಆ ಊರಲ್ಲಿ ಹುಟ್ಟಿ ಬೆಳೆದ ವಯಸ್ಸಾದ ನೆರೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಕನ್ನಡ ಬರಬೇಕಿಲ್ಲ, ರಸ್ತೆ ಗೊತ್ತಿದ್ದರೆ ಸಾಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರುವವರು ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ'ದಿಂದ ಇದೇ ಥರ ಶುರು ಮಾಡಬಹುದು.